ಹಳೇ ಗೋಡೆಯಲ್ಲಿ ಸಿಕ್ಕ ತುಂಡಿನಿಂದ ವಾಲ್‌ಪೇಪರಿನ ಪಡಿಯಚ್ಚು ತೆಗೆಯುವುದು ಹೇಗೆ?

ಹಳೇ ಮನೆಯ ದುರಸ್ತಿಗೆ ಕೈ ಹಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಕಪಾಟಿನ ಹಿಂದೆ ಅಂಗೈಯಗಲದ ಹಳೇ ವಾಲ್‌ಪೇಪರ್ ಸಿಕ್ಕಿದೆ. ಅದನ್ನು ನೋಡಿಕೊಂಡು ಇಡೀ ಕೋಣೆಗೆ ಹೊಸದಾಗಿ ಅಚ್ಚು ಹಾಕಿಸಬಹುದೇ?" ಹಾಕಿಸಬಹುದು, ಆದರೆ ಅಂಗೈಯಗಲ ಸಾಲದು. ಚಿತ್ತಾರ ಒಂದು ಸುತ್ತು ಮುಗಿದು ಮತ್ತೆ ಮೊದಲಿನಿಂದ ಶುರುವಾಗುವ ಅಳತೆಗೆ ಈ ಕಸುಬಿನಲ್ಲಿ ರಿಪೀಟ್ ಅನ್ನುತ್ತಾರೆ. ಒಂದು ರಿಪೀಟ್ ಪೂರ್ತಿ ಸಿಗಬೇಕು. ಒಂದೇ ತುಂಡಿನಲ್ಲಿ ಸಿಗದಿದ್ದರೆ ನಾಲ್ಕು ಚೂರುಗಳಲ್ಲಿ ಹಂಚಿಹೋಗಿದ್ದರೂ ನಡೆಯುತ್ತದೆ.

ಇನ್ನೊಂದು ಮಾತು ಮೊದಲೇ ತಲೆಯಲ್ಲಿರಲಿ. ನಿಮಗೆ ಸಿಕ್ಕಿರುವುದು ಬೆಳಕು, ತೇವ, ಹೊಗೆ ತಿಂದು ಬದಲಾಗಿರುವ ಒಂದು ಪ್ರತಿ. ನೀವು ಹುಡುಕಬೇಕಾದ್ದು ಆ ಪ್ರತಿಯನ್ನು ಒತ್ತಿದ ಅಚ್ಚು ಹೇಗಿತ್ತು ಎಂಬುದನ್ನು. ಮುಂದಿನ ಹಂತಗಳಲ್ಲಿ ಆಗುವ ಬಹುತೇಕ ತಪ್ಪುಗಳು ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದ ಆಗುವಂಥವು.

ಕೈಗೆ ಬೇಕಾದವು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಉಕ್ಕಿನ ಅಳತೆಪಟ್ಟಿ, ಸರ್ಜಿಕಲ್ ಬ್ಲೇಡ್, ತೆಳು ಅಲಗಿನ ಸ್ಪ್ಯಾಚುಲಾ, ಪಾಲಿಯೆಸ್ಟರ್ ಹಾಳೆ, ಆಮ್ಲರಹಿತ ಕಾಗದದ ಲಕೋಟೆಗಳು, ಬಣ್ಣದ ಸಂಖ್ಯೆಗಳಿರುವ ಕಾರ್ಡು (ಎನ್‌ಸಿಎಸ್ ಅಥವಾ ಮನ್ಸೆಲ್), ನೈಟ್ರೈಲ್ ಕೈಗವಸು, ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್. ನಕಲು ಇಳಿಸಿಕೊಳ್ಳಲು ಟ್ರೇಸಿಂಗ್ ಪೇಪರ್ ಬೇಡ. ಹವೆಯ ತೇವಕ್ಕೆ ಅದು ಹಿಗ್ಗಿ ಕುಗ್ಗುತ್ತದೆ, ಬೆಳಿಗ್ಗೆ ತೆಗೆದ ಅಳತೆ ಸಂಜೆಗೆ ಸುಳ್ಳಾಗುತ್ತದೆ. ಪಾಲಿಯೆಸ್ಟರ್ ಹಾಳೆಗೆ ಆ ತೊಂದರೆಯಿಲ್ಲ.

1. ಮೊದಲು ವಿಷದ ವಿಚಾರ

ಶೀಲೆ ಎಂಬ ರಸಾಯನಶಾಸ್ತ್ರಜ್ಞ 1775ರಲ್ಲಿ ಮಾಡಿದ ಹಸಿರು, 1814ರಲ್ಲಿ ಬಂದ ಎಮರಾಲ್ಡ್ ಹಸಿರು, ಎರಡರಲ್ಲೂ ಇದ್ದದ್ದು ತಾಮ್ರ ಮತ್ತು ಆರ್ಸೆನಿಕ್. 19ನೇ ಶತಮಾನದ ಗೋಡೆ ಕಾಗದಗಳಲ್ಲಿ ಇವನ್ನು ಧಾರಾಳವಾಗಿ ಬಳಸಿದ್ದಾರೆ. ಹಸಿರಿಲ್ಲದ ಕಾಗದವೆಂದು ನಿಶ್ಚಿಂತರಾಗಬೇಡಿ, ಬೇರೆ ಬಣ್ಣಗಳಿಗೂ ಇದನ್ನು ಬೆರೆಸಿದ್ದುಂಟು. ತೇವದ ಗೋಡೆಯಲ್ಲಿ ಬೂಷ್ಟು ಬೆಳೆದರೆ ಆರ್ಸೆನಿಕ್ ಅನಿಲವಾಗಿಯೂ ಹೊರಬರಬಲ್ಲದು. ಇದರ ಜೊತೆಗೆ ಹಳೇ ಬಾಗಿಲು, ಕಿಟಕಿಗಳ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು.

ಆದ್ದರಿಂದ ಒಣಗಿದ ಕಾಗದವನ್ನು ಉಜ್ಜಬೇಡಿ, ಮರಳು ಕಾಗದ ತಾಗಿಸಬೇಡಿ, ಚೂರುಗಳನ್ನು ಸುಡಬೇಡಿ. ಒಂದು ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿ. ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್-ರೇ ಹಾಯಿಸಿ ಧಾತುಗಳನ್ನು ಗುರುತಿಸುವ ಸಾಧನ) ಕಾಗದಕ್ಕೆ ಗಾಯ ಮಾಡದೆ ಆರ್ಸೆನಿಕ್, ಸೀಸ ಎರಡನ್ನೂ ಪತ್ತೆ ಮಾಡುತ್ತದೆ. ಉತ್ತರ ಬರುವ ತನಕ ಇದೆ ಎಂದೇ ತಿಳಿದು ಕೆಲಸ ಮಾಡಿ.

2. ಎಲ್ಲಿ ಹುಡುಕಬೇಕು

ಗೋಡೆಯ ನಡುವೆ ಸಿಗುವ ತುಂಡು ದೊಡ್ಡದಿರುತ್ತದೆ, ಆದರೆ ಬಣ್ಣ ಕಳೆದುಕೊಂಡಿರುತ್ತದೆ. ಮೂಲೆಗಳಲ್ಲಿ ಸಿಗುವುದು ಸಣ್ಣದು, ಆದರೆ ಬಣ್ಣ ಹಾಗೇ ಉಳಿದಿರುತ್ತದೆ. ಎರಡೂ ಬೇಕು. ಗೋಡೆಗೆ ಕೂರಿಸಿದ ಕಪಾಟಿನ ಒಳಗೆ, ಬಾಗಿಲ ಚೌಕಟ್ಟಿನ ಮುಚ್ಚುಪಟ್ಟಿಯ ಹಿಂದೆ, ನೆಲದಂಚಿನ ಮರದ ಪಟ್ಟಿಯ ಕೆಳಗೆ, ದೊಡ್ಡ ಕನ್ನಡಿಯ ಹಿಂದೆ, ಆಮೇಲೆ ಕಟ್ಟಿದ ಅಡ್ಡಗೋಡೆ ತಾಗುವ ಕಡೆ ನೋಡಿ. ಸ್ವಿಚ್ ಬೋರ್ಡಿನ ಹಿಂದೆಯೂ ಸಿಗುತ್ತದೆ. ಅಲ್ಲಿ ಕೈ ಹಾಕುವ ಮುನ್ನ ಮೇನ್ ಆಫ್ ಮಾಡಿ.

ಒಂದರ ಮೇಲೊಂದು ಐದಾರು ಕಾಗದ ಅಂಟಿರುವುದು ಸಾಮಾನ್ಯ. ಗಾರೆಯ ಕಡೆಯಿಂದ ಒಂದು, ಎರಡು, ಮೂರು ಎಂದು ಎಣಿಸಿ ಬರೆದುಕೊಳ್ಳಿ. ಮೇಲಿನಿಂದ ಎಣಿಸಿದರೆ, ಇನ್ನೊಂದು ಗೋಡೆಯಲ್ಲಿ ಪದರವೊಂದು ಕಡಿಮೆ ಇದ್ದ ಕೂಡಲೇ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

3. ಬಿಡಿಸುವುದು

ಆವಿ ಯಂತ್ರವನ್ನು ದೂರ ಇಡಿ. ಹಳೇ ಕಾಗದಗಳ ಬಣ್ಣ ಹೆಚ್ಚಾಗಿ ಡಿಸ್ಟೆಂಪರ್, ಅಂದರೆ ಸೀಮೆಸುಣ್ಣದ ಪುಡಿಗೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು ಬೆರೆಸಿದ್ದು. ನೀರು ತಾಗಿದರೆ ಕರಗುತ್ತದೆ. ಆವಿ ಹಿಡಿದು ಕಾಗದ ಬಿಡಿಸಿದವರಿಗೆ ಕೊನೆಗೆ ಸಿಗುವುದು ಬರೀ ಕಾಗದ, ಬಣ್ಣ ಮೇಲಿನ ಪದರದ ಬೆನ್ನಿಗೆ ಅಂಟಿ ಹೋಗಿರುತ್ತದೆ.

ಒದ್ದೆ ಹತ್ತಿಯ ತುದಿಯನ್ನು ಪ್ರತಿ ಬಣ್ಣದ ಮೇಲೂ ಎರಡು ಸೆಕೆಂಡ್ ಒತ್ತಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ನೀರು ಬಳಸಬೇಡಿ. ಪದರಗಳ ಕಟ್ಟನ್ನೇ ಬ್ಲೇಡಿನಿಂದ ಚೌಕವಾಗಿ ಕೊರೆದು, ಗಾರೆಯ ಕಡೆಯಿಂದ ಸ್ಪ್ಯಾಚುಲಾ ತೂರಿಸಿ ಇಡಿಯಾಗಿ ಎತ್ತಿ, ಮೇಜಿನ ಮೇಲೆ ನಿಧಾನವಾಗಿ ಬಿಡಿಸಿ. ತೀರಾ ಗಟ್ಟಿಯಾಗಿ ಹಿಡಿದಿದ್ದರೆ ಬೇಡವಾದ ಮೇಲಿನ ಪದರಕ್ಕಷ್ಟೇ ಮೀಥೈಲ್ ಸೆಲ್ಯುಲೋಸ್ ಗಂಜಿಯನ್ನು ದಪ್ಪಗೆ ಹಚ್ಚಿ. ಅದು ನೀರನ್ನು ಹಿಡಿದಿಟ್ಟುಕೊಂಡು ತುಸುತುಸುವೇ ಬಿಡುತ್ತದೆ, ನಡುವಿನ ಅಂಟು ಮೆದುವಾಗುತ್ತದೆ. ಒಂದು ಮೂಲೆಯಲ್ಲಿ ಪ್ರಯೋಗ ಮಾಡಿದ ಮೇಲಷ್ಟೇ ಮುಂದುವರಿಯಿರಿ. ಎತ್ತುವ ಮುನ್ನ ಗೋಡೆಯ ಮೇಲಿರುವಾಗಲೇ ಫೋಟೊ ತೆಗೆಯುವುದನ್ನು, ತುಂಡಿನ ಮೇಲ್ಗಡೆ ಯಾವುದೆಂದು ಲಕೋಟೆಯ ಮೇಲೆ ಬಾಣದ ಗುರುತು ಹಾಕುವುದನ್ನು ಮರೆಯಬೇಡಿ. ಬಳ್ಳಿ ಮೇಲಕ್ಕೆ ಹೋಗುತ್ತಿತ್ತೋ ಇಳಿಯುತ್ತಿತ್ತೋ ಎಂದು ಆಮೇಲೆ ತಲೆ ಕೆರೆದುಕೊಂಡರೆ ಯಾರೂ ಹೇಳುವವರಿರುವುದಿಲ್ಲ.

4. ಯಾವ ಕಾಲದ್ದು, ಹೇಗೆ ಅಚ್ಚಾದದ್ದು

ಇದನ್ನು ತಿಳಿದರೆ ರಿಪೀಟಿನ ಅಳತೆ, ಬಣ್ಣಗಳ ಸಂಖ್ಯೆ ಊಹಿಸುವುದು ಸುಲಭ. ಉದ್ದನೆಯ ಕಾಗದ ತಯಾರಿಸುವ ಯಂತ್ರಕ್ಕೆ ಫ್ರಾನ್ಸಿನಲ್ಲಿ ಲೂಯಿ ನಿಕೊಲಾ ರಾಬರ್ ಪೇಟೆಂಟ್ ಪಡೆದದ್ದು 1799ರಲ್ಲಿ. ಅದು ಬಳಕೆಗೆ ಬರುವ ತನಕ ಬಿಡಿ ಹಾಳೆಗಳನ್ನು ಅಂಟಿಸಿ ಸುರುಳಿ ಮಾಡುತ್ತಿದ್ದರು. ಅರ್ಧ ಮೀಟರಿಗೊಂದರಂತೆ ಅಡ್ಡ ಜೋಡಣೆಗಳು ಕಂಡರೆ ನಿಮ್ಮದು 1830ರ ದಶಕಕ್ಕಿಂತ ಹಿಂದಿನದಿರಬಹುದು. ಇಂಗ್ಲೆಂಡಿನ ಕಾಗದವಾಗಿದ್ದರೆ ಬೆನ್ನನ್ನು ನೋಡಿ. 1712ರಿಂದ 1836ರ ತನಕ ಅಲ್ಲಿ ಅಚ್ಚಾದ ಗೋಡೆ ಕಾಗದಕ್ಕೆ ತೆರಿಗೆಯಿತ್ತು, ಅಧಿಕಾರಿಗಳ ಮುದ್ರೆ ಹಿಂದೆ ಉಳಿದಿರುವುದುಂಟು.

ಮುಖದ ಕಡೆ ಭೂತಗನ್ನಡಿ ಹಿಡಿಯಿರಿ. ಬಣ್ಣ ದಪ್ಪಗಿದ್ದು, ಅಂಚಿನಲ್ಲಿ ಸಣ್ಣ ದಿಬ್ಬದಂತೆ ಎದ್ದು ನಿಂತಿದ್ದರೆ ಅದು ಮರದ ಅಚ್ಚಿನಿಂದ ಕೈಯಲ್ಲಿ ಒತ್ತಿದ್ದು. ಬಣ್ಣ ತೆಳುವಾಗಿದ್ದು, ಪ್ರತಿ ಆಕಾರದ ಸುತ್ತ ಗಾಢವಾದ ಗೆರೆ ಕಟ್ಟಿ ಒಳಗೆ ತಿಳಿಯಾಗಿದ್ದರೆ ರೋಲರ್ ಯಂತ್ರದ್ದು. ಈ ಯಂತ್ರಗಳು ಇಂಗ್ಲೆಂಡಿನಲ್ಲಿ ಬಂದದ್ದು 1839ರ ಸುಮಾರಿಗೆ. ಕಾಗದವೇ ಕಂದಾಗಿ ಮಡಿಸಿದರೆ ಮುರಿಯುವಂತಿದ್ದರೆ ಮರದ ತಿರುಳಿನಿಂದ ಮಾಡಿದ್ದು, 19ನೇ ಶತಮಾನದ ಕೊನೆಯದು ಅಥವಾ ಆಮೇಲಿನದು.

5. ಅಳತೆ ತಪ್ಪದ ದಾಖಲೆ

ತುಂಡು ಪುಡಿಯಾಗುವಂತಿದ್ದರೆ ಸ್ಕ್ಯಾನರಿನ ಗಾಜಿನ ಮೇಲೆ ಮಗುಚಿ ಹಾಕಬೇಡಿ, ಫೋಟೊ ತೆಗೆಯಿರಿ. ಗಟ್ಟಿಯಾಗಿದ್ದರೆ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ), ಪಕ್ಕಪಕ್ಕದ ಸ್ಕ್ಯಾನುಗಳು ಐದು ಸೆಂಟಿಮೀಟರ್ ಒಂದರ ಮೇಲೊಂದು ಬರುವಂತೆ ಮಾಡಿ. ಫೋಟೊಗಾದರೆ ಎರಡು ದೀಪಗಳನ್ನು ಎರಡೂ ಬದಿಯಿಂದ 45 ಡಿಗ್ರಿಗೆ ಇಡಿ, ಅಡ್ಡಕ್ಕೊಂದು ಉದ್ದಕ್ಕೊಂದು ಅಳತೆಪಟ್ಟಿ ಪಕ್ಕದಲ್ಲಿರಲಿ. ಕ್ಯಾಮೆರಾ ಓರೆಯಾಗಿದೆಯೇ ಎಂದು ತಿಳಿಯಲು, ಕಾಗದದ ಸುತ್ತ ನಾಲ್ಕು ಗುರುತುಗಳನ್ನು ಸರಿಯಾದ ಆಯತವಾಗಿ ಇಟ್ಟು, ಚಿತ್ರದಲ್ಲಿ ಎದುರುಬದುರು ಬದಿಗಳನ್ನೂ ಎರಡೂ ಕರ್ಣಗಳನ್ನೂ ಅಳೆಯಿರಿ. ಜೋಡಿ ಜೋಡಿಯಾಗಿ ಸಮ ಬರದಿದ್ದರೆ ಮತ್ತೆ ತೆಗೆಯಿರಿ, ಕಂಪ್ಯೂಟರಿನಲ್ಲಿ ಎಳೆದು ಸರಿಮಾಡುವ ಗೋಜು ಬೇಡ. ಕೊನೆಗೊಂದು ಚಿತ್ರ ಒಂದೇ ಬದಿಯಿಂದ, ಮೇಲ್ಮೈಗೆ ಸವರಿದಂತೆ ಬೀಳುವ ಬೆಳಕಿನಲ್ಲಿರಲಿ. ಬಣ್ಣ ಉದುರಿಹೋದ ಕಡೆಯೂ ಅಚ್ಚಿನ ಒತ್ತು ನೆರಳಾಗಿ ಕಾಣಿಸುತ್ತದೆ.

6. ರಿಪೀಟ್ ಹಿಡಿಯುವುದು

ಇಡೀ ಕೆಲಸ ನಿಂತಿರುವುದು ಇದರ ಮೇಲೆ, ಅವಸರ ಬೇಡ.

ಉದ್ದದ ರಿಪೀಟಿಗೆ ಒಂದು ಹೂವಿನ ತುದಿಯಿಂದ ಅದೇ ಹೂವು ಮತ್ತೆ ಬರುವ ತನಕ ಅಳೆದು ಸುಮ್ಮನಾಗಬಾರದು. ಅಂಟು ಹಚ್ಚಿದಾಗ ಕಾಗದ ಹಿಗ್ಗಿರುತ್ತದೆ, ಕೆಲಸಗಾರ ಎಳೆದು ಅಂಟಿಸಿರುತ್ತಾನೆ, ಒಣಗಿ ಕುಗ್ಗಿರುತ್ತದೆ. ಗೋಡೆಯ ಮೇಲೆ ಎರಡು ಮೀಟರಿಗಿಂತ ತುಸು ಹೆಚ್ಚು ಪಟ್ಟಿ ಕಾಣುತ್ತಿದೆ ಎಂದುಕೊಳ್ಳಿ. ಒಂದೊಂದೇ ಅಳೆದರೆ ಒಮ್ಮೆ 53.1, ಇನ್ನೊಮ್ಮೆ 53.7 ಸೆಂಟಿಮೀಟರ್ ಬರುತ್ತದೆ. ನಾಲ್ಕು ರಿಪೀಟನ್ನು ಒಟ್ಟಿಗೆ ಅಳೆದರೆ 213.6. ನಾಲ್ಕರಿಂದ ಭಾಗಿಸಿದರೆ 53.4. ಇಂಗ್ಲೆಂಡಿನ ಕಾಗದಗಳ ರೂಢಿಯ ಅಗಲ 21 ಇಂಚು, ಅಂದರೆ 53.34 ಸೆಂಟಿಮೀಟರ್. ಅಲ್ಲಿಗೆ ಅಚ್ಚು 21 ಇಂಚಿನ ಚೌಕ ಎಂದು ಗೊತ್ತಾಯಿತು. ನಿಮ್ಮ ಚಿತ್ರದಲ್ಲಿ ಇರಬೇಕಾದ್ದು 53.34, ಗೋಡೆಯ ಮೇಲಿನ 53.1 ಅಲ್ಲ. ಫ್ರೆಂಚ್ ಕಾಗದಗಳು ಸಾಮಾನ್ಯವಾಗಿ ಇದಕ್ಕಿಂತ ಕಿರಿದು, 47ರ ಆಸುಪಾಸು. ರೋಲರ್ ಯಂತ್ರದ್ದಾದರೆ ಉದ್ದದ ರಿಪೀಟ್ ಆ ರೋಲರಿನ ಸುತ್ತಳತೆಯೇ.

ಅಡ್ಡ ರಿಪೀಟಿಗೆ ಎರಡು ಪಟ್ಟಿಗಳ ಜೋಡಣೆ ಹುಡುಕಿ. ಒಂದು ಜೋಡಣೆಯಿಂದ ಮುಂದಿನದಕ್ಕೆ ಇರುವುದೇ ಅಚ್ಚಿನ ಅಗಲ. ಅಡ್ಡ ರಿಪೀಟ್ ಅಷ್ಟೇ ಇರುತ್ತದೆ, ಇಲ್ಲವೇ ಅದರ ಅರ್ಧ, ಮೂರನೇ ಒಂದು, ಹೀಗೆ ಸರಿಯಾಗಿ ಭಾಗವಾಗುವಂಥದ್ದು. ಈಗ ಜೋಡಣೆಯಲ್ಲಿ ಅರ್ಧಕ್ಕೆ ಕತ್ತರಿಸಿದ ಹೂವನ್ನು ನೋಡಿ. ಅದರ ಉಳಿದರ್ಧ ಪಕ್ಕದ ಪಟ್ಟಿಯಲ್ಲಿ ಅದೇ ಎತ್ತರದಲ್ಲಿ ಇದ್ದೇ ಇರುತ್ತದೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಪಟ್ಟಿಯ ಎಡ ಅಂಚಿನ ಅರ್ಧ ಹೂವು ಮತ್ತು ಅದೇ ಪಟ್ಟಿಯ ಬಲ ಅಂಚಿನ ಅರ್ಧ ಹೂವು ಒಂದೇ ಮಟ್ಟದಲ್ಲಿವೆಯೇ? ಇದ್ದರೆ ನೇರ ಜೋಡಣೆ. ಒಂದು ಇನ್ನೊಂದಕ್ಕಿಂತ ರಿಪೀಟಿನ ಅರ್ಧದಷ್ಟು ಕೆಳಗಿದ್ದರೆ ಹಾಫ್ ಡ್ರಾಪ್, ಅಂದರೆ ಪ್ರತಿ ಪಟ್ಟಿಯನ್ನೂ ಹಿಂದಿನದಕ್ಕಿಂತ ಅರ್ಧ ರಿಪೀಟ್ ಇಳಿಸಿ ಅಂಟಿಸುವ ವಿನ್ಯಾಸ. ಇದನ್ನು ಗಮನಿಸದೆ ನೇರ ಜೋಡಣೆ ಎಂದುಕೊಂಡು ಬರೆದರೆ ಬಳ್ಳಿಗಳು ಜೋಡಣೆಯಲ್ಲಿ ತುಂಡಾಗುತ್ತವೆ. ಆಗ ಅದನ್ನು ಕೂಡಿಸಲು ಮೂಲದಲ್ಲಿಲ್ಲದ ಎಲೆಯೊಂದನ್ನು ಸೇರಿಸುವ ಆಸೆ ಹುಟ್ಟುತ್ತದೆ. ಆ ಎಲೆ ಬೇಕೆನಿಸಿತೆಂದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ರಿಪೀಟಿನಲ್ಲಿ ಖಾಲಿ ಉಳಿದರೆ? ಎಡಬಲ ಒಂದೇ ಥರ ಇರುವ ವಿನ್ಯಾಸವಾದರೆ ಕನ್ನಡಿ ಬಿಂಬದಂತೆ ತಿರುಗಿಸಿ ತುಂಬಬಹುದು. ಆದರೆ ಸಿಕ್ಕ ಭಾಗದಲ್ಲೇ ಎರಡು ಎಲೆ ನಿಜಕ್ಕೂ ಬಿಂಬ ಪ್ರತಿಬಿಂಬವೇ ಎಂದು ಪರೀಕ್ಷಿಸಿ, ಮರ ಕೆತ್ತಿದವರು ಹಲವು ಸಲ ಹಾಗೆ ಮಾಡಿರುವುದಿಲ್ಲ. ಮ್ಯೂಸಿಯಂ ಸಂಗ್ರಹಗಳಲ್ಲಿ ಪೂರ್ಣ ಪ್ರತಿ ಇರಬಹುದು: ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಮ್ಯಾಂಚೆಸ್ಟರಿನ ವಿಟ್‌ವರ್ತ್, ನ್ಯೂಯಾರ್ಕಿನ ಕೂಪರ್ ಹ್ಯೂಯಿಟ್, ಫ್ರಾನ್ಸಿನ ರಿಕ್ಸೈಮ್‌ನಲ್ಲಿರುವ ಗೋಡೆ ಕಾಗದಗಳದ್ದೇ ಮ್ಯೂಸಿಯಂ. ಎಲ್ಲೂ ಸಿಗದೆ ನೀವೇ ಬರೆದು ತುಂಬಿದ್ದನ್ನು ಮೂಲ ನಕಾಶೆಯಲ್ಲಿ ಬೇರೆ ಬಣ್ಣದಿಂದ ಗುರುತಿಸಿಡಿ. ಅರ್ಧಕ್ಕಿಂತ ಹೆಚ್ಚು ನಿಮ್ಮದೇ ಕೈಚಳಕವಾಗಿದ್ದರೆ ಅದನ್ನು ಪಡಿಯಚ್ಚು ಎಂದು ಕರೆಯದಿರುವುದು ಮರ್ಯಾದೆ.

20ನೇ ಶತಮಾನದ ವಿನ್ಯಾಸವಾದರೆ ಕಾಪಿರೈಟ್ ನೋಡಿ. ಬಹಳಷ್ಟು ದೇಶಗಳಲ್ಲಿ ವಿನ್ಯಾಸಕಾರ ತೀರಿಕೊಂಡ ಮೇಲೂ 70 ವರ್ಷ ಅದು ಉಳಿದಿರುತ್ತದೆ.

7. ಬಣ್ಣ ಓದುವುದು

ಕಣ್ಣಿಗೆ ಕಾಣುವ ಬಣ್ಣಗಳನ್ನು ನಂಬಬೇಡಿ. ಒಂದು ಬಳ್ಳಿಯ ಎಲೆಗಳೆಲ್ಲ ನೀಲಿಯಾಗಿವೆ ಎನ್ನೋಣ. ನೆಲದಂಚಿನ ಪಟ್ಟಿ ಮುಚ್ಚಿದ್ದ ಎರಡು ಬೆರಳಗಲದ ಜಾಗದಲ್ಲಿ ಅದೇ ಎಲೆಯ ತುದಿ ಹಸಿರಾಗಿದೆ. ಹಳದಿ ಮತ್ತು ನೀಲಿ ಬೆರೆಸಿ ಮಾಡಿದ ಹಸಿರಿನಲ್ಲಿ ಸಸ್ಯಮೂಲದ ಹಳದಿಯನ್ನು ಬೆಳಕು ತಿಂದುಹಾಕಿ ನೀಲಿಯನ್ನಷ್ಟೇ ಉಳಿಸಿದೆ. ಆ ನೀಲಿಯನ್ನು ನಕಲು ಮಾಡಿದರೆ ಆ ಮನೆಯಲ್ಲಿ ಎಂದೂ ಇರದ ಕಾಗದವೊಂದು ತಯಾರಾಗುತ್ತದೆ. ಹೀಗೆಯೇ ಸೀಸದ ಬಿಳುಪು ಹವೆಯಲ್ಲಿನ ಗಂಧಕದಿಂದ ಕಪ್ಪಿಟ್ಟಿರುತ್ತದೆ. ಕೊಳಕು ಕಂದುಗೆರೆಯ ಮೇಲೆ ಭೂತಗನ್ನಡಿ ಹಿಡಿದಾಗ ಅಲ್ಲಲ್ಲಿ ಮಿಣುಕು ಕಂಡರೆ, ಅದು ಚಿನ್ನದ ಬಣ್ಣಕ್ಕೆಂದು ಹಾಕಿದ ಹಿತ್ತಾಳೆ ಪುಡಿ ಕಿಲುಬು ಹಿಡಿದದ್ದು. ಇಂಥ ಗೆರೆಯನ್ನು ಕಂದಾಗಿ ಅಚ್ಚು ಹಾಕಿದ ನಕಲುಗಳು ಬೇಕಾದಷ್ಟಿವೆ.

ಪ್ರತಿ ಬಣ್ಣವನ್ನೂ ಮುಚ್ಚಿಟ್ಟ ಜಾಗದಲ್ಲಿ, ಹಗಲಿನ ಬೆಳಕಿನಲ್ಲಿ ಅಥವಾ 5000 ಕೆಲ್ವಿನ್ ದೀಪದಡಿ, ಕಾರ್ಡಿನ ಸಂಖ್ಯೆಗೆ ಹೊಂದಿಸಿ ಬರೆದುಕೊಳ್ಳಿ. ಆಮೇಲೆ ಕೋಣೆಯ ದೀಪದಲ್ಲೂ ನೋಡಿ. ಒಂದು ಬೆಳಕಿನಲ್ಲಿ ಹೊಂದಿದ ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದುಂಟು.

ನಂತರ ಬಣ್ಣಗಳ ಸರದಿ. ಎರಡು ಬಣ್ಣ ಒಂದರ ಮೇಲೊಂದು ಬರುವ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಯಾವುದು ಮೇಲೆ ಕೂತಿದೆ ಎಂದು ಗೊತ್ತಾಗುತ್ತದೆ. ಎಲ್ಲಕ್ಕಿಂತ ಕೆಳಗಿನದು ಅಡಿಬಣ್ಣ. ಅದನ್ನು ಹಿಂದೆ ಅಚ್ಚಿನಿಂದಲ್ಲ, ಕುಂಚದಿಂದ ಬಳಿಯುತ್ತಿದ್ದರು. ಆರು ಬಣ್ಣ ಕಂಡರೆ ಅಚ್ಚು ಐದೇ.

8. ಮರಳಿ ಬರೆಯುವುದು

ಒಂದು ರಿಪೀಟನ್ನು ಮೂಲದ ಅಳತೆಗೇ ಬರೆಯಿರಿ. 21 ಇಂಚಿನ ಚೌಕ 300 ಡಿಪಿಐನಲ್ಲಿ 6300 ಪಿಕ್ಸೆಲ್ ಆಗುತ್ತದೆ. ಪ್ರತಿ ಬಣ್ಣಕ್ಕೂ ಬೇರೆ ಲೇಯರ್. ಮುಗಿದ ಮೇಲೆ ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ 3150 ಪಿಕ್ಸೆಲ್ ಸರಿಸಿ. ಅಂಚುಗಳೆಲ್ಲ ನಡುವಿಗೆ ಬಂದು, ಕೂಡದ ಜಾಗ ಎದ್ದು ಕಾಣುತ್ತದೆ. ಹಾಫ್ ಡ್ರಾಪ್ ಆದರೆ ಮೊದಲು ಅಡ್ಡಕ್ಕೂ ಉದ್ದಕ್ಕೂ ಎರಡೆರಡು ಪ್ರತಿ ಜೋಡಿಸಿ, ಎರಡನೆಯ ನಿಲುವು ಸಾಲನ್ನು ಅರ್ಧ ಇಳಿಸಿ ನೋಡಿ.

ಸಾಫ್ಟ್‌ವೇರಿನ ಆಟೋ ಟ್ರೇಸ್ ಬೇಡ. ಉಳಿ ತಿರುಗಿದ ಕಡೆ ಬರುವ ಚೂಪು, ಗೆರೆ ಮುಗಿಯುವಲ್ಲಿನ ಮೊಂಡುತನ ಎಲ್ಲವನ್ನೂ ನುಣ್ಣಗೆ ಮಾಡಿ ಅದು ಹೂವನ್ನು ಸ್ಟಿಕರ್ ಮಾಡಿಬಿಡುತ್ತದೆ. ಕೈಯಲ್ಲೇ ಗೆರೆ ಎಳೆಯಿರಿ.

ಯಾವ ದೋಷ ಉಳಿಸಬೇಕು, ಯಾವುದನ್ನು ಬಿಡಬೇಕು? ಪ್ರತಿ ರಿಪೀಟಿನಲ್ಲೂ ಅದೇ ಜಾಗದಲ್ಲಿ ಬರುವ ದೋಷ ಅಚ್ಚಿನಲ್ಲೇ ಇತ್ತು, ಉಳಿಸಿ. ಒಂದೇ ಕಡೆ ಬಂದದ್ದು ಒತ್ತಿದವನ ಕೈ ಜಾರಿದ್ದು, ಬಿಡಿ. ಕೆಂಪು ಬಣ್ಣ ಗೆರೆಯಿಂದ ಎರಡು ಮಿಲಿಮೀಟರ್ ಆಚೆ ಸರಿದಿದ್ದರೆ ಅದನ್ನು ಗೆರೆಯೊಳಗೆ ತಂದು ಕೂರಿಸಿ. ಅಂಚಿನಲ್ಲಿ ಕಾಣುವ ಸಣ್ಣ ಬಣ್ಣದ ಚುಕ್ಕೆಗಳು ಅಚ್ಚು ಎಲ್ಲಿ ಕೂರಬೇಕೆಂದು ತೋರಿಸುವ ಪಿನ್ನುಗಳ ಗುರುತು. ಅವನ್ನು ಮೊಗ್ಗೆಂದು ತಿಳಿದು ಚಿತ್ತಾರಕ್ಕೆ ಸೇರಿಸಬೇಡಿ. ಪಕ್ಕದ ಬಣ್ಣಗಳು ಅರ್ಧ ಮಿಲಿಮೀಟರಿನಷ್ಟು ಒಂದರ ಕೆಳಗೊಂದು ಹೋಗುವಂತಿರಲಿ, ಇಲ್ಲದಿದ್ದರೆ ನಡುವೆ ಅಡಿಬಣ್ಣ ಇಣುಕುತ್ತದೆ.

9. ಅಚ್ಚು ಹಾಕುವುದು

ಡಿಜಿಟಲ್ ಮುದ್ರಣ ಒಂದೆರಡು ಸುರುಳಿಗೆ ಅನುಕೂಲ. ಆದರೆ ಬಣ್ಣ ಚುಕ್ಕೆಗಳಾಗಿ ಬೀಳುತ್ತದೆ, ಮೈ ಕಟ್ಟುವುದಿಲ್ಲ. ಮ್ಯಾಟ್ ಕಾಗದದ ಮೇಲೆ ಪಿಗ್ಮೆಂಟ್ ಇಂಕಿನಲ್ಲಿ ಹಾಕಿಸಿ, ಮೊದಲು ಒಂದು ಮೀಟರ್ ಪರೀಕ್ಷೆ ಮಾಡಿ. ಮರದ ಅಚ್ಚು ಮೂಲಕ್ಕೆ ಅತಿ ಹತ್ತಿರ, ಶ್ರಮವೂ ಅಷ್ಟೇ. ಹೆಚ್ಚಿನವರಿಗೆ ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿಯ ಮೂಲಕ ಬಣ್ಣ ಒತ್ತುವುದು, ಸರಿಹೊಂದುತ್ತದೆ. ತುಂಬು ಬಣ್ಣದ ಜಾಗಗಳಿಗೆ ಸೆಂಟಿಮೀಟರಿಗೆ 43 ಎಳೆಯ ಜಾಲರಿ, ಸೂಕ್ಷ್ಮ ಗೆರೆಗಳಿಗೆ 77ರದ್ದು.

ಕಾಗದ ಆಮ್ಲರಹಿತವಾಗಿರಲಿ, ಚದರ ಮೀಟರಿಗೆ 120ರಿಂದ 150 ಗ್ರಾಂ. ಅಡಿಬಣ್ಣ ಬಳಿದು ಪೂರ್ತಿ ಒಣಗಿಸಿ. ಸ್ಕ್ರೀನ್ ಮೇಜಿನ ಮೇಲೆ 1, 3, 5ನೇ ರಿಪೀಟುಗಳನ್ನು ಮೊದಲು ಒತ್ತಿ, ಒಣಗಿದ ಮೇಲೆ 2, 4, 6 ಒತ್ತಿ. ಸಾಲಾಗಿ ಒತ್ತಿದರೆ ಚೌಕಟ್ಟು ಹಿಂದಿನ ಹಸಿ ಬಣ್ಣದ ಮೇಲೆ ಕೂರುತ್ತದೆ. ಒಂದು ಬಣ್ಣ ಎಲ್ಲ ಸುರುಳಿಗಳಿಗೂ ಮುಗಿದ ಮೇಲೆಯೇ ಮುಂದಿನ ಬಣ್ಣ.

ಹಳೇ ಮಂದ ಕಾಂತಿ ಬೇಕಿದ್ದರೆ ಡಿಸ್ಟೆಂಪರನ್ನು ನೀವೇ ಮಾಡಿಕೊಳ್ಳಬೇಕು. ಈಗ ಅದೇ ಹೆಸರಿನಲ್ಲಿ ಡಬ್ಬಿಯಲ್ಲಿ ಬರುವುದರಲ್ಲಿ ಅಕ್ರಿಲಿಕ್ ಇರುತ್ತದೆ, ಅದು ಬೇರೆಯೇ. ಒಂದು ಪಾಲು ಒಣ ಅಂಟಿಗೆ ತೂಕದಲ್ಲಿ ಹತ್ತರಿಂದ ಹನ್ನೆರಡು ಪಾಲು ನೀರು ಹಾಕಿ ರಾತ್ರಿ ನೆನೆಸಿ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, 60 ಡಿಗ್ರಿ ದಾಟಬಾರದು. ಕುದಿದರೆ ಅಂಟಿನ ಶಕ್ತಿ ಹೋಗುತ್ತದೆ. ಬೇರೆ ಪಾತ್ರೆಯ ನೀರಿಗೆ ಸೀಮೆಸುಣ್ಣದ ಪುಡಿಯನ್ನು ಮೇಲೆ ಗುಡ್ಡೆ ಕಾಣುವ ತನಕ ಉದುರಿಸಿ, ಕದಡದೆ ರಾತ್ರಿಯಿಡೀ ಬಿಟ್ಟು, ಮೇಲಿನ ನೀರು ಬಸಿಯಿರಿ. ನೀರಿನಲ್ಲಿ ಅರೆದ ಬಣ್ಣದ ಪುಡಿ ಸೇರಿಸಿ, ಕೊನೆಗೆ ಬೆಚ್ಚಗಿನ ಅಂಟು ಬೆರೆಸಿ. ಚೂರು ಕಾಗದಕ್ಕೆ ಹಚ್ಚಿ ಒಣಗಿಸಿ ಬೆರಳಾಡಿಸಿ: ಪುಡಿ ಹತ್ತಿದರೆ ಅಂಟು ಕಡಿಮೆ, ಕಾಗದ ಸುರುಟಿಕೊಂಡು ಬಣ್ಣ ಬಿರಿದರೆ ಹೆಚ್ಚು. ಒಣಗಿದ ಮೇಲೆ ಬಣ್ಣ ಬಹಳ ತಿಳಿಯಾಗುತ್ತದೆ, ಹಸಿಯಲ್ಲಿ ಕಾರ್ಡಿಗೆ ಹೊಂದಿಸುವುದು ವ್ಯರ್ಥ. ಎರಡು ಮೂರು ದಿನಕ್ಕೆ ಇದು ಕೊಳೆಯುತ್ತದೆ, ಬೇಕಾದಷ್ಟೇ ಮಾಡಿ.

ಪೂರ್ತಿ ಒತ್ತುವ ಮುನ್ನ ಮೂರು ಪಟ್ಟಿ ಅಚ್ಚು ಹಾಕಿ ಪಕ್ಕಪಕ್ಕ ತೂಗುಹಾಕಿ, ಮೂರು ಮೀಟರ್ ದೂರ ನಿಂತು ನೋಡಿ. ಹತ್ತಿರದಿಂದ ಚೆನ್ನಾಗಿಯೇ ಇದ್ದ ಚಿತ್ತಾರದಲ್ಲಿ ಖಾಲಿ ಜಾಗಗಳು ಸೇರಿ ಓಣಿಯಂತೆ ಕಂಡರೆ, ಎಲ್ಲೋ ಎಲೆಯೊಂದು ಸರಿದಿದೆ, ಇಲ್ಲವೇ ಹಾಫ್ ಡ್ರಾಪನ್ನು ನೇರ ಮಾಡಿದ್ದೀರಿ.

10. ಎಷ್ಟು ಸುರುಳಿ, ಹೇಗೆ ಅಂಟಿಸುವುದು

ಕೋಣೆಯ ಸುತ್ತಳತೆ 14 ಮೀಟರ್, ಎತ್ತರ 2.8 ಮೀಟರ್ ಎಂದಿಟ್ಟುಕೊಳ್ಳಿ. 14ನ್ನು 0.533ರಿಂದ ಭಾಗಿಸಿದರೆ 26.3, ಅಂದರೆ 27 ಪಟ್ಟಿ. ಎತ್ತರಕ್ಕೆ 10 ಸೆಂಟಿಮೀಟರ್ ಕತ್ತರಿಸುವ ಬಾಬ್ತು ಸೇರಿಸಿ 2.9. ಅದರಲ್ಲಿ ಐದೂವರೆ ರಿಪೀಟಿಗಿಂತ ಸ್ವಲ್ಪ ಕಡಿಮೆ, ಆದ್ದರಿಂದ ಆರು ಹಿಡಿಯಬೇಕು: 3.2 ಮೀಟರ್. ಹತ್ತು ಮೀಟರಿನ ಸುರುಳಿಯಲ್ಲಿ ಮೂರು ಪಟ್ಟಿ, ಒಟ್ಟು ಒಂಬತ್ತು ಸುರುಳಿ. ಹನ್ನೊಂದು ಅಚ್ಚು ಹಾಕಿಸಿ. ಕಡಿಮೆ ಬಿದ್ದು ಮತ್ತೆ ಬಣ್ಣ ಕಲಸಿದರೆ ಅದು ಹೊಂದುವುದಿಲ್ಲ. ಹಾಫ್ ಡ್ರಾಪ್ ಆದರೆ ಒಂದನೇ ಪಟ್ಟಿಯನ್ನು ಒಂದು ಸುರುಳಿಯಿಂದ, ಎರಡನೆಯದನ್ನು ಇನ್ನೊಂದರಿಂದ ಕತ್ತರಿಸುತ್ತಾ ಹೋದರೆ ಕಾಗದ ಪೋಲಾಗುವುದು ಕಡಿಮೆ.

ಗೋಡೆಗೆ ಮೊದಲು ಬರೀ ಕಾಗದದ ಒಂದು ಪದರವನ್ನು ಅಡ್ಡಡ್ಡ ಅಂಟಿಸಿ. ತೂಗುಗುಂಡು ಬಿಟ್ಟು ಮೊದಲ ಪಟ್ಟಿಗೆ ನೇರ ಗೆರೆ ಹಾಕಿ, ಕಿಟಕಿಯ ಅಂಚನ್ನು ನಂಬಬೇಡಿ. ಹಳೇ ಮನೆಯಲ್ಲಿ ಅದು ನೆಟ್ಟಗಿರುವುದು ಅಪರೂಪ. ಅಂಟು ಗೋಧಿ ಪಿಷ್ಟದ್ದೋ ಮೀಥೈಲ್ ಸೆಲ್ಯುಲೋಸಿನದ್ದೋ ಆಗಿರಲಿ. ಹಚ್ಚಿದ ಮೇಲೆ ಎಲ್ಲ ಪಟ್ಟಿಗಳನ್ನೂ ಅಷ್ಟಷ್ಟೇ ನಿಮಿಷ ನೆನೆಯಲು ಬಿಡಿ. ಒಂದು ಐದು ನಿಮಿಷ, ಇನ್ನೊಂದು ಹತ್ತು ನಿಮಿಷ ನೆನೆದರೆ ಹಿಗ್ಗುವುದರಲ್ಲಿ ವ್ಯತ್ಯಾಸ ಬಂದು ಮೇಲ್ಗಡೆ ಕೂಡಿದ ಹೂವು ಕೆಳಗಡೆ ತಪ್ಪುತ್ತದೆ. ಡಿಸ್ಟೆಂಪರ್ ಮುಖಕ್ಕೆ ಅಂಟು ತಾಗಿದರೆ ಒರೆಸಲು ಹೋಗಬೇಡಿ, ಒರೆಸಿದ ಕಡೆ ಕಲೆ ಉಳಿದೇ ಉಳಿಯುತ್ತದೆ. ಮುಟ್ಟದಂತೆ ಅಂಟಿಸುವುದೊಂದೇ ದಾರಿ.

ಉಳಿದ ಸುರುಳಿಗಳ ಬೆನ್ನಿಗೆ, ಸಾಧ್ಯವಾದರೆ ಗೋಡೆಗೆ ಹೋಗುವ ಪಟ್ಟಿಗಳ ಬೆನ್ನಿಗೂ, ಪೆನ್ಸಿಲಿನಲ್ಲಿ ಇಸವಿ ಬರೆದು "ನಕಲು" ಎಂದು ಗುರುತು ಹಾಕಿ. ಮೂಲ ತುಂಡು, ಬಣ್ಣದ ಸಂಖ್ಯೆಗಳು, ನೀವು ಊಹಿಸಿ ತುಂಬಿದ ಭಾಗದ ನಕಾಶೆ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಕತ್ತಲಲ್ಲಿಡಿ. ಗೋಡೆಯಲ್ಲೇ ಉಳಿದ ಹಳೇ ಪದರವನ್ನು ಪೂರ್ತಿ ಕಿತ್ತುಹಾಕದೆ, ಕಪಾಟಿನೊಳಗೋ ಬಾಗಿಲ ಹಿಂದೆಯೋ ಒಂದು ಚೌಕವನ್ನು ಹಾಗೇ ಬಿಡಿ.